ಹದಿನಾಲ್ಕನೇ ಅಚ್ಚು

ಸಕಲೇಶಪುರ
9-2-2004

ನಾಣ್ಯ ಪರೀಕ್ಷಾ ಸಂಸ್ಥೆಯ ಅಚ್ಚು ವಿಭಾಗದ ಮುಖ್ಯಸ್ಥರಿಗೆ,
ಮುಂಬಯಿ

ಮಾನ್ಯರೇ,

ನಿಮ್ಮ ಸಂಸ್ಥೆಯ ಕಾಗದಗಳೆಲ್ಲ ಇಂಗ್ಲಿಷಿನಲ್ಲಿ ಬರುತ್ತವೆ. ಈ ವಿಭಾಗದ ಮುಖ್ಯಸ್ಥರಿಗೆ ಕನ್ನಡ ಚೆನ್ನಾಗಿ ಬರುತ್ತದೆಂದು ಗೊತ್ತಿರುವುದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನವೆಂಬರಿನಲ್ಲಿ ಪರೀಕ್ಷೆಗೆ ಕಳಿಸಿದ್ದ ನನ್ನ 1862ರ ವಿಕ್ಟೋರಿಯಾ ಬೆಳ್ಳಿ ರೂಪಾಯಿ ಮೊನ್ನೆ ವಾಪಸು ಬಂತು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಂದವಾಗಿ ಮುಚ್ಚಿದ್ದೀರಿ. ದರ್ಜೆಯ ಬಗ್ಗೆ ತಕರಾರಿಲ್ಲ, ಸವೆತ ಎಷ್ಟಿದೆಯೋ ಅಷ್ಟನ್ನೇ ಬರೆದಿದ್ದೀರಿ. ಆದರೆ ಚೀಟಿಯ ಮೇಲೆ ‘ಅಚ್ಚು 15’ ಎಂದಿದೆ. ಅದು ತಪ್ಪು. ಅದು 14.

ನಿಮಗೆ ಗೊತ್ತಿರುವ ವಿಷಯವೇ. ಆದರೂ ಫೈಲಿನಲ್ಲಿ ಇರಲಿ. ಟಂಕಸಾಲೆಯಲ್ಲಿ ಒಂದು ಅಚ್ಚು ಸವೆದರೆ ಇನ್ನೊಂದನ್ನು ಹೂಡುತ್ತಿದ್ದರು. ಒಂದೇ ಇಸವಿಯ ರೂಪಾಯಿಯಾದರೂ ಅಚ್ಚಿನಿಂದ ಅಚ್ಚಿಗೆ ಕೂದಲೆಳೆಯಷ್ಟು ವ್ಯತ್ಯಾಸ. ಇಸವಿಯ ಕೆಳಗಿನ ಚುಕ್ಕಿ ಹೂವಿನ ದಳಕ್ಕೆ ತಾಗಿದ್ದರೆ 14, ಅಪರೂಪದ್ದು. ತಾಗದೆ ಬಿಡಿಯಾಗಿ ನಿಂತಿದ್ದರೆ 15, ಸಾಮಾನ್ಯದ್ದು. ನನ್ನದರಲ್ಲಿ ತಾಗಿದೆ. ಭೂತಗನ್ನಡಿ ಹಿಡಿದು ನೋಡಿದರೆ ಯಾರಿಗೂ ಕಾಣುತ್ತದೆ.

ಇಲ್ಲಿಯ ಬಸ್ ಸ್ಟ್ಯಾಂಡಿನ ಹತ್ತಿರ ಮೂವತ್ತೈದು ವರ್ಷದಿಂದ ಗಡಿಯಾರ ರಿಪೇರಿ ಮಾಡಿಕೊಂಡಿರುವ ನನಗೆ ಇಷ್ಟು ಸಣ್ಣದನ್ನು ನೋಡುವ ಅಭ್ಯಾಸವಿದೆ. ದಯವಿಟ್ಟು ಮತ್ತೆ ನೋಡಿ ಚೀಟಿಯನ್ನು ತಿದ್ದಿ ಕೊಡಬೇಕು.

ಇಂತಿ,
ರಾಫೆಲ್ ಮಥಾಯಸ್


ಮುಂಬಯಿ
17-3-2004

ಶ್ರೀ ರಾಫೆಲ್ ಮಥಾಯಸ್ ಅವರಿಗೆ,

ನಿಮ್ಮ ಪತ್ರ ತಲುಪಿದೆ. ಅಚ್ಚುಗಳನ್ನು ಗುರುತಿಸಲು ನಮ್ಮ ಸಂಸ್ಥೆ 1989ರಲ್ಲಿ ಪ್ರಕಟವಾದ ‘1862ರ ರೂಪಾಯಿಗಳ ಅಚ್ಚುಗಳು’ ಎಂಬ ಪುಸ್ತಕವನ್ನು ಆಧಾರವಾಗಿ ಇಟ್ಟುಕೊಂಡಿದೆ. ಅದರ 22ನೇ ಪುಟದ ಪ್ರಕಾರ ಚುಕ್ಕಿ ದಳಕ್ಕೆ ತಾಗಿರುವುದು 15, ಬಿಡಿಯಾಗಿರುವುದು 14. ಆದ್ದರಿಂದ ನಿಮ್ಮ ನಾಣ್ಯದ ಚೀಟಿ ಸರಿಯಾಗಿಯೇ ಇದೆ. ಮರುಪರೀಕ್ಷೆ ಬೇಕಿದ್ದಲ್ಲಿ ನಾಣ್ಯವನ್ನು ಡಬ್ಬಿಯ ಸಮೇತ ಕಳಿಸಬಹುದು. ಅರ್ಜಿ ಲಗತ್ತಿಸಿದೆ.

ನಿಮ್ಮ ವಿಶ್ವಾಸಿ,
ಕೆ.ಟಿ. ವೆಂಕಟೇಶ
ಅಚ್ಚು ವಿಭಾಗ

ಟೈಪು ಮಾಡಿದ ಮೇಲೆ ಕೈಯಲ್ಲಿ ಬರೆಯುತ್ತಿದ್ದೇನೆ. ಲಕೋಟೆ ಮೇಲಿನ ಅಕ್ಷರ ನೋಡಿಯೇ ನೀವೆಂದು ಗೊತ್ತಾಯಿತು. ‘ಸ’ಕಾರ ಈಗಲೂ ಹಾಗೇ ಬರೆಯುತ್ತೀರಿ. ಮನೆಯಲ್ಲಿ ಸುಸಾನ್ ಅವರು ಹೇಗಿದ್ದಾರೆ?


ಸಕಲೇಶಪುರ
21-4-2004

ವೆಂಕಟೇಶ,

‘ನೀವು’ ಎಂದು ಬರೆದು ನಾಟಕ ಮಾಡಲು ನನಗೆ ತ್ರಾಣವಿಲ್ಲ. ಸುಸಾನ್ ಚೆನ್ನಾಗಿದ್ದಾಳೆ.

ಆಧಾರ ಗ್ರಂಥವಂತೆ! ಆ ಪುಸ್ತಕ ಬರೆದವನು ನೀನು. ಅದರ ಚಿತ್ರಗಳನ್ನೆಲ್ಲ ಬರೆದವನು ನಾನು. 22ನೇ ಪುಟದಲ್ಲಿ ಎರಡು ಚಿತ್ರಗಳ ಕೆಳಗಿನ ವಿವರಣೆ ಅದಲುಬದಲಾಗಿದೆ ಎಂದು ಪುಸ್ತಕ ಕೈಗೆ ಬಂದ ವಾರವೇ ಬಸ್ಸು ಹತ್ತಿ ಆಲೂರಿಗೆ ಬಂದು ಹೇಳಿದೆ. ನೀನು ಖಜಾನೆ ಆಫೀಸಿನ ಜಗಲಿಯಲ್ಲಿ ನಿಂತು, “ಮುಂದಿನ ಸಲ ಅಚ್ಚು ಹಾಕಿಸುವಾಗ ನೋಡೋಣ ಬಿಡು ಮಾರಾಯ” ಎಂದೆ. ಆಮೇಲೆ ನಾನು ಹೆಸರಿನ ಪುಟ ತಿರುಗಿಸಿ ತೋರಿಸಿದೆ. ಅಲ್ಲಿ ನಿನ್ನ ಹೆಸರು ಒಂದೇ ಇತ್ತು. ಅದಕ್ಕೂ ನೀನು, “ಪ್ರೆಸ್ಸಿನವನು ಬುಟ್ಬುಟ್ಟ ಕಣೋ” ಎಂದೆ. ನಾನು ಬಂದ ಬಸ್ಸಿಗೇ ಹಿಂದಿರುಗಿದೆ. ಹದಿನೈದು ವರ್ಷವಾಯಿತು.

ನೆನಪಿದೆಯೋ ಇಲ್ಲವೋ, ಇದೆಲ್ಲ ಶುರುವಾದದ್ದು ಯಸಳೂರಿನವರು ಕರಗಿಸಲು ಕೊಟ್ಟಿದ್ದ ಹಳೆ ರೂಪಾಯಿಗಳನ್ನು ನಾವಿಬ್ಬರೂ ಅಕ್ಕಸಾಲಿಯಿಂದ ಬಿಡಿಸಿಕೊಂಡು ಬಂದಾಗ. ಮುನ್ನೂರು ರೂಪಾಯಿ, ಎಲ್ಲವೂ 1862. ನಮ್ಮ ಹಿಂದಿನ ಮನೆಯ ಗಂಗಾಮಣಿ ಆಗ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಬೀಜ ಆಯುವ ಕೆಲಸದಲ್ಲಿದ್ದಳು. ಅವಳೇ ಚಾಪೆ ಹಾಸಿಕೊಂಡು ಆಯ್ದು ರಾಶಿ ಮಾಡಿ ಕೊಟ್ಟಳು. ಆ ರಾಶಿಯಲ್ಲಿ ಚುಕ್ಕಿ ತಾಗಿದ ಮೂರು ರೂಪಾಯಿಗಳನ್ನು ನಾನು ಕಂಡುಹಿಡಿದೆ. ಮಾರನೇ ದಿನವೇ ನಿನಗೆ ತಂದು ತೋರಿಸಿದೆ. ನೀನು ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ.

ಹೀಗಿರುವಾಗ ಅದನ್ನು ನನಗೇ ತಪ್ಪಾಗಿ ಓದಿ ಹೇಳುತ್ತೀಯಲ್ಲ.

ಅರ್ಜಿ ತುಂಬಿ ನಾಣ್ಯ ಕಳಿಸುತ್ತಿದ್ದೇನೆ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಎಡಗಣ್ಣಿನ ನರವೂ ಸೋತಿದೆ ಎಂದು ಹಾಸನದ ಡಾಕ್ಟರು ಹೇಳಿದರು. ಚೀಟಿ ಸರಿಯಾಗುವುದಿದ್ದರೆ ಅದನ್ನು ನಾನೇ ಓದುವ ಹಾಗಿರುವಾಗ ಆಗಲಿ.

ರಾಫೆಲ್


ಮುಂಬಯಿ
28-6-2004

ರಾಫೆಲ್,

ನಿನ್ನ ರೂಪಾಯಿಯನ್ನು ಈ ಪತ್ರದ ಜೊತೆ ಕಳಿಸಿದ್ದೇನೆ. ಚೀಟಿಯಲ್ಲಿ ಈಗಲೂ 15 ಎಂದೇ ಇದೆ. ಡಬ್ಬಿ ಬಿಚ್ಚಿದ ಕೂಡಲೆ ಸಿಟ್ಟು ಮಾಡಿಕೊಂಡು ಕಾಗದ ಹರಿಯಬೇಡ, ಓದು.

ಪರೀಕ್ಷೆ ಮಾಡಿದವನು ನಾನೇ. ಬೇರೆಯವರ ಕೈಗೆ ಕೊಡಲಿಲ್ಲ. ಚುಕ್ಕಿ ದಳಕ್ಕೆ ತಾಗಿದೆ. ಹತ್ತು ನಿಮಿಷ ನೋಡುತ್ತ ಕೂತಿದ್ದೆ. ಆಮೇಲೆ 15 ಎಂದು ಬರೆದೆ.

ಹೆಂಡತಿ ಹೋದ ಮೇಲೆ ಆಲೂರಿನಲ್ಲಿ ಇರಲಾಗದೆ, ಖಜಾನೆಯಿಂದ ನಿವೃತ್ತಿ ಆಗುತ್ತಲೇ ಇಲ್ಲಿಗೆ ಬಂದೆ. ನನ್ನನ್ನು ಕರೆಸಿಕೊಂಡದ್ದೇ ಆ ಪುಸ್ತಕದಿಂದ. ಬಂದವರಿಗೆಲ್ಲ ಮಾಲೀಕರು ನನ್ನನ್ನು ತೋರಿಸಿ, “ಪುಸ್ತಕ ಬರೆದವರೇ ನಮ್ಮಲ್ಲಿದ್ದಾರೆ” ಎನ್ನುತ್ತಾರೆ. ಆ ಪುಸ್ತಕದಲ್ಲಿ ತಪ್ಪಿದೆ ಎಂದು ಮೊದಲ ದಿನವೇ ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಮೊದಲ ಡಬ್ಬಿಯ ತಪ್ಪು ಚೀಟಿಯನ್ನು ಎರಡು ಸಲ ಕಿತ್ತು ಮತ್ತೆ ಅಂಟಿಸಿದ್ದೆ. ಹತ್ತನೆಯದನ್ನು ಒಂದೇ ಸಲಕ್ಕೆ ಅಂಟಿಸಿದೆ. ಸಾಮಾನ್ಯ ಅಚ್ಚಿನ ರೂಪಾಯಿಗಳನ್ನು ಅಪರೂಪವೆಂದು ಮುಚ್ಚಿ ಕಳಿಸಿದ್ದು ಈಗ ನಲವತ್ತು ದಾಟಿದೆ. ಅದನ್ನು ನಂಬಿ ಕೊಂಡವರಿದ್ದಾರೆ. ಈಗ ಬಾಯಿ ಬಿಟ್ಟರೆ ಇಷ್ಟು ಜನರೂ ತಿರುಗಿ ಬೀಳುತ್ತಾರೆ.

ಹೆಸರಿನ ಪುಟದ ಬಗ್ಗೆಯೂ ಹೇಳಿಬಿಡುತ್ತೇನೆ. ಪ್ರೆಸ್ಸಿನವನು ಬಿಟ್ಟದ್ದಲ್ಲ. “ಒಂದು ಹೆಸರಾ, ಎರಡಾ?” ಎಂದು ಅವನು ಕೇಳಿದ್ದ. ಒಂದು ಎಂದವನು ನಾನು. ಗುಮಾಸ್ತನಾಗಿಯೇ ಸವೆದುಹೋಗುತ್ತೇನೆ, ಒಂದು ಕಡೆಯಾದರೂ ನನ್ನ ಹೆಸರು ಒಂದೇ ನಿಲ್ಲಲಿ ಎಂದು ಆಸೆಯಾಯಿತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ನಿನ್ನ ಕಣ್ಣಿನ ಸುದ್ದಿ ಓದಿ ಬೇಜಾರಾಯಿತು. ಆಪರೇಷನ್ ಮುಂದಕ್ಕೆ ಹಾಕಬೇಡ.

ವೆಂಕಟೇಶ


ಸಕಲೇಶಪುರ
11-8-2004

ವೆಂಕಟೇಶ,

ನಿನ್ನ ಕಾಗದಕ್ಕೆ ಆರು ವಾರ ಉತ್ತರ ಬರೆಯಲಿಲ್ಲ. ಸಿಟ್ಟಿನಿಂದಲ್ಲ. ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ಸುಸ್ತು ಬಂತು.

ಮೂರನೇ ಸಲ ನಾಣ್ಯ ಕಳಿಸುವುದಿಲ್ಲ. ಪುಸ್ತಕ ತಿದ್ದು ಎಂದೂ ಕೇಳುವುದಿಲ್ಲ. ಡಬ್ಬಿಯನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ.

ಅಂಗಡಿಗೆ ಈಗ ಕೆಲಸವೂ ಇಲ್ಲ. ಮೊಬೈಲಿನಲ್ಲೇ ಟೈಮು ನೋಡುತ್ತಾರೆ. ಹಾನುಬಾಳಿನಿಂದ ಒಬ್ಬರು ತಾತನ ಗೋಡೆ ಗಡಿಯಾರ ತಂದಿದ್ದರು. ಬಿಚ್ಚಿದೆ, ಮತ್ತೆ ಜೋಡಿಸಲು ಹಲ್ಲಿನ ಚಕ್ರ ಕಾಣಲಿಲ್ಲ. ಅವರ ಮುಂದೆಯೇ ಎಲ್ಲವನ್ನೂ ಪೊಟ್ಟಣ ಕಟ್ಟಿ ಕೊಟ್ಟು ಕಳಿಸಿದೆ. ಅವರು ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಅಂಗಡಿ ಮೆಟ್ಟಿಲ ಪಕ್ಕದಲ್ಲಿ ಗಂಗಾಮಣಿ ಸೊಪ್ಪು ಇಟ್ಟುಕೊಂಡು ಕೂರುತ್ತಾಳೆ. ಪುಸ್ತಕ ಬಂದ ಮರು ವರ್ಷವೇ ಅವಳ ಕ್ಯೂರಿಂಗ್ ಕೆಲಸ ಹೋಯಿತು. “ನಿನ್ನ ಕಣ್ಣು ಮಂದ ಆಗೈತೆ, ಹಾಳು ಕರಿ ಬೀಜ ಬುಟ್ಬುಡ್ತೀಯ” ಎಂದು ಮೇಸ್ತ್ರಿ ನಿಲ್ಲಿಸಿದನಂತೆ. ಹದಿನೆಂಟು ವರ್ಷ ಮಾಡಿದ ಕೆಲಸ. ಅವತ್ತು ಅವಳು ನಮ್ಮ ಮನೆಗೆ ಬಂದು ಬಾಗಿಲಲ್ಲೇ ಕೂತಿದ್ದಳು. ಸುಸಾನ್ ಕಾಫಿ ಕೊಟ್ಟಳು. ನಾನು ಒಳಗೇ ಇದ್ದೆ, ಹೊರಗೆ ಬರಲಿಲ್ಲ. ಇದನ್ನು ನಿನಗೇಕೆ ಬರೆಯುತ್ತಿದ್ದೇನೋ ತಿಳಿಯದು. ಇತ್ತೀಚೆಗೆ ಬಹಳ ಸಲ ನೆನಪಾಗುತ್ತದೆ.

ಮಗಳು ಆಲ್ವಿಟಾಳ ಬಾಣಂತನಕ್ಕೆ ಸುಸಾನ್ ಮುಂದಿನ ತಿಂಗಳು ಮಂಗಳೂರಿಗೆ ಹೋಗುತ್ತಾಳೆ. ಬಂದರೆ ಕ್ರಿಸ್ಮಸ್ಸಿಗೆ. ಬಲಗಣ್ಣಿನ ಆಪರೇಷನ್ ಅಕ್ಟೋಬರಿನಲ್ಲಿ.

ನಿನ್ನ ಹೆಸರು ಒಂದೇ ನಿಲ್ಲಲಿ ಅನ್ನಿಸಿತು ಎಂದೆಯಲ್ಲ, ಅದು ನನಗೆ ಅರ್ಥವಾಗುತ್ತದೆ. ನೀನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ರಾಫೆಲ್


ಮುಂಬಯಿ
30-9-2004

ಪ್ರಿಯ ರಾಫೆಲ್,

ನೀನು ಬೈದಿದ್ದರೆ ನಾನು ಬೈಸಿಕೊಂಡು ಸುಮ್ಮನಿರುತ್ತಿದ್ದೆ. ‘ಕೇಳುವುದಿಲ್ಲ’ ಎಂದು ಬರೆದೆಯಲ್ಲ, ಅದು ತಡೆಯಲಾಗಲಿಲ್ಲ.

ಹೋದ ತಿಂಗಳ ಕೊನೆಯಲ್ಲಿ ಎರಡೂ ಅಚ್ಚಿನ ಒಂದೊಂದು ರೂಪಾಯಿ, ಭೂತಗನ್ನಡಿ, ಪುಸ್ತಕ ಹಿಡಿದುಕೊಂಡು ಮಾಲೀಕರ ಕೋಣೆಗೆ ಹೋದೆ. ಅವರು ಎಲ್ಲವನ್ನೂ ನೋಡಿದರು. “ಬರೆದವರು ನೀವೇ. ತಪ್ಪು ಅನ್ನುವವರೂ ನೀವೇನಾ?” ಎಂದು ಕೇಳಿದರು. ಹೌದೆಂದೆ. “ಯಾವಾಗಿನಿಂದ ಗೊತ್ತು?” ಎಂದರು. ಹದಿನೈದು ವರ್ಷದಿಂದ ಎಂದೆ. ಅವರು ಬೈಯದೆ ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು. ಒಳ್ಳೆಯ ಮನುಷ್ಯರು, ಅದೇ ಕಷ್ಟವಾಯಿತು.

ಈಗ ಎಲ್ಲ ಗಿರಾಕಿಗಳಿಗೂ ಸುತ್ತೋಲೆ ಹೋಗಿದೆ. ತಪ್ಪು ಚೀಟಿಯ ಡಬ್ಬಿಗಳು ವಾಪಸು ಬರುತ್ತಿವೆ. ಒಂದೊಂದನ್ನೇ ಒಡೆದು, ನಾಣ್ಯ ತೆಗೆದು, ಸರಿಯಾದ ಚೀಟಿ ಹಾಕಿ ಮುಚ್ಚುವುದು ನನ್ನ ಕೆಲಸ. ಡಿಸೆಂಬರಿಗೆ ಅದು ಮುಗಿಯುತ್ತದೆ, ಅಲ್ಲಿಗೆ ನನ್ನ ನೌಕರಿಯೂ ಮುಗಿಯುತ್ತದೆ. ಪುಣೆಯ ಒಬ್ಬರು ಫೋನಿನಲ್ಲಿ ಅರ್ಧ ಗಂಟೆ ಬೈದರು. ಅವರ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ.

ಪುಸ್ತಕವನ್ನು ಸಂಸ್ಥೆಯೇ ತಿದ್ದಿ ಮತ್ತೆ ಅಚ್ಚು ಹಾಕಿಸುತ್ತಿದೆ. ಹೆಸರಿನ ಪುಟದಲ್ಲಿ ನಿನ್ನ ಹೆಸರು ಮೊದಲು, ನನ್ನದು ಆಮೇಲೆ. 22ನೇ ಪುಟದ ಕರಡು ಇದರೊಂದಿಗೆ ಇದೆ, ನೋಡು. ಹದಿನಾಲ್ಕಕ್ಕೆ ಬರಿ ನಂಬರ್ ಸಾಲದು ಎಂದು ಹೆಸರಿಟ್ಟಿದ್ದೇನೆ: ‘ರಾಫೆಲ್ ಅಚ್ಚು. 1988ರಲ್ಲಿ ಇದನ್ನು ಮೊದಲು ಗುರುತಿಸಿದವರು ಸಕಲೇಶಪುರದ ರಾಫೆಲ್ ಮಥಾಯಸ್.’ ಇನ್ನು ಮುಂದೆ ಈ ದೇಶದಲ್ಲಿ ಯಾರು ಆ ರೂಪಾಯಿ ಹಿಡಿದರೂ ನಿನ್ನ ಹೆಸರು ಹೇಳಬೇಕು.

ಒಪ್ಪಿಗೆಯೆಂದು ಒಂದು ಸಾಲು ಬರೆದು ಸಹಿ ಮಾಡಿ ಕಳಿಸು. ನಾಣ್ಯವನ್ನೂ ಕಳಿಸು. ತಡವಾಯಿತು ಎನ್ನುವುದು ಗೊತ್ತು.

ನಿನ್ನ
ವೆಂಕಟೇಶ


ಸಕಲೇಶಪುರ
25-10-2004

ಪ್ರಿಯ ವೆಂಕಟೇಶ,

ಬಲಗಣ್ಣಿನ ಆಪರೇಷನ್ ಬುಧವಾರ ಆಯಿತು. ಒಂದು ತಿಂಗಳು ಓದುವುದು ಬರೆಯುವುದು ಕೂಡದೆಂದು ಡಾಕ್ಟರು ಹೇಳಿದ್ದಾರೆ. ಎಡಗಣ್ಣು ಇದ್ದೂ ಇಲ್ಲದ ಹಾಗೆ. ಸುಸಾನ್ ಮಂಗಳೂರಿನಲ್ಲಿದ್ದಾಳೆ. ನಾನು ಹೇಳಿದ್ದನ್ನು ಗಂಗಾಮಣಿ ಬರೆಯುತ್ತಿದ್ದಾಳೆ. ನಿನ್ನ ಪತ್ರವನ್ನೂ ಕರಡನ್ನೂ ಅವಳೇ ಓದಿ ಹೇಳಿದಳು.

ನೀನು ಮಾಡಿದ್ದು ಸುಲಭದ ಕೆಲಸವಲ್ಲ. ಹೆಸರಿನ ಪುಟಕ್ಕೆ ನನ್ನ ಒಪ್ಪಿಗೆ ಇದೆ. 22ನೇ ಪುಟಕ್ಕೂ ನನ್ನ ಒಪ್ಪಿಗೆ

ವೆಂಕಟೇಶಣ್ಣನವರಿಗೆ ಗಂಗಾಮಣಿಯ ನಮಸ್ಕಾರ. ಮೇಲಿನ ಸಾಲು ಅರ್ಧಕ್ಕೆ ನಿಂತಿದೆ. ಅಲ್ಲಿಂದ ಮುಂದೆ ರಾಫೆಲಣ್ಣ ಹೇಳಲಿಲ್ಲ. ಇಲ್ಲಿ ಆದದ್ದನ್ನು ನಾನೇ ಬರೆಯುತ್ತೇನೆ. ಏಳನೇ ಕ್ಲಾಸು ಓದಿದವಳು, ತಪ್ಪಿದ್ದರೆ ತಿದ್ದಿಕೊಳ್ಳಿ.

“ಒಪ್ಪಿಗೆ ಅಂತ ಬರೀಲಾ?” ಎಂದು ಎರಡು ಸಲ ಕೇಳಿದೆ. ಅವರು ಕಪ್ಪು ಕನ್ನಡಕ ಹಾಕಿಕೊಂಡು ಗೋಡೆ ಕಡೆ ಮುಖ ಮಾಡಿದ್ದರು. ಆಮೇಲೆ, “ಹೊಡೆದು ಹಾಕು ಗಂಗಾಮಣಿ. ಅದನ್ನ ಮೊದಲು ಕಂಡೋನು ನಾನಲ್ಲ, ನೀನು” ಎಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಅವರು ಒಂದೊಂದಾಗಿ ಹೇಳಿದ ಮೇಲೆ ನೆನಪಾಯಿತು. ಆವತ್ತು ರೂಪಾಯಿ ರಾಶಿ ಮಾಡುವಾಗ ಮೂರನ್ನು ಬೇರೆ ಇಟ್ಟಿದ್ದೆ. “ಇವು ಬೇರೆ ಅಚ್ಚು ಕಣ್ರೀ, ಚುಕ್ಕಿ ಹೂವಿಗೆ ಅಂಟೈತೆ ನೋಡಿ” ಎಂದು ತೋರಿಸಿದ್ದೆ. ರಾಫೆಲಣ್ಣ ನೋಡಿ, “ಅಂಥದ್ದೇನಿಲ್ಲ, ಸವೆದಿರೋದು. ನಿನಗೆ ಸರಿಯಾಗಿ ಕಂಡಿಲ್ಲ” ಎಂದಿದ್ದರು. ನಾನು ಹೌದೇನೋ ಎಂದು ಮೂರನ್ನೂ ರಾಶಿಗೆ ಸೇರಿಸಿ ಮನೆಗೆ ಹೋದೆ. ನಾನು ಹೋದ ಮೇಲೆ ಅವರು ಕಣ್ಣಿಗೆ ರಿಪೇರಿ ಗಾಜು ಹಾಕಿಕೊಂಡು ಹುಡುಕಿ ತೆಗೆದರಂತೆ, ಮಾರನೇ ದಿನ ನಿಮ್ಮ ಹತ್ತಿರ ತಂದರಂತೆ. ನಾನು ಹೇಳಿದ್ದು ನಿಜವೆಂದು ಅವರಿಗೆ ಆವತ್ತೇ ಗೊತ್ತಾಗಿತ್ತಂತೆ.

ಮುಂದೆ ಮೇಸ್ತ್ರಿ ಕಣ್ಣು ಮಂದ ಎಂದು ಕೆಲಸ ಬಿಡಿಸಿದಾಗ ಜೊತೆಯಲ್ಲಿ ಬೀಜ ಆಯುತ್ತಿದ್ದ ಹುಲಿಯಮ್ಮ ನನ್ನ ಪಕ್ಕದಲ್ಲೇ ಇದ್ದಳು. “ಜಗಳ ಆಡು, ನಿನ್ನಷ್ಟು ಚೆಂದಾಗಿ ಆಯೋರು ಇಲ್ಲಿ ಯಾರವ್ರೆ?” ಎಂದಳು. ನಾನು ಆಡಲಿಲ್ಲ. ನಿಜ ಇರಬಹುದು ಎಂದುಕೊಂಡೆ. ಗಡಿಯಾರದ ರಾಫೆಲಣ್ಣನೂ ನನಗೆ ಸರಿಯಾಗಿ ಕಾಣುವುದಿಲ್ಲ ಎಂದಿದ್ದರಲ್ಲ.

ಇದನ್ನು ಹೇಳಿದೆ. ರಾಫೆಲಣ್ಣ ಅತ್ತರು. ಆಪರೇಷನ್ ಆದ ಕಣ್ಣು, ಅಳಬಾರದು ಎಂದು ನಾನೇ ಗದರಿದೆ. “ಕ್ಷಮಿಸ್ತೀಯಾ?” ಎಂದು ಕೇಳಿದರು. ನಾನು ಹೇಳಿದೆ: “ಆವತ್ತು ಹೇಳಿದ್ರೆ ನಾನು ತಲೆ ಎತ್ಕೊಂಡು ಮೇಸ್ತ್ರಿ ಮುಂದೆ ನಿಂತ್ಕಂತಿದ್ದೆ. ಈಗ ಹೇಳಿರೋದು ನಿಮ್ಮ ಸಮಾಧಾನಕ್ಕೆ ಕಣ್ರೀ.” ಅವರು ಹೌದು ಎಂದರು.

ಆಮೇಲೆ ಇಷ್ಟು ಮಾತ್ರ ಹೇಳಿ ಬರೆಸಿದರು: “ವೆಂಕಟೇಶ, ನಿನ್ನನ್ನು ಹದಿನೈದು ವರ್ಷ ಕಳ್ಳ ಎಂದುಕೊಂಡಿದ್ದೆ. ನಾನೂ ಅದೇ. 22ನೇ ಪುಟದಲ್ಲಿ ನನ್ನ ಹೆಸರು ಇರುವಲ್ಲೆಲ್ಲ ಅವಳ ಹೆಸರು ಹಾಕು.”

ಹಾಕುವುದಾದರೆ ಹಾಕಿ. ಬೇಡ ಎನ್ನುವಷ್ಟು ದೊಡ್ಡವಳಲ್ಲ ನಾನು. ನನ್ನ ಊರು ಸಕಲೇಶಪುರವಲ್ಲ, ಕೆ. ಹೊಸಕೋಟೆ. ಅದು ಸರಿಯಾಗಿರಲಿ. ನಾಣ್ಯ ಜೊತೆಗಿದೆ.

ಸಹಿ: ರಾಫೆಲ್ ಮಥಾಯಸ್ (ಕೈ ಹಿಡಿದು ಮಾಡಿಸಿದೆ)
ಬರೆದವಳು: ಗಂಗಾಮಣಿ


ಸಕಲೇಶಪುರ
5-12-2004

ವೆಂಕಟೇಶಣ್ಣನವರಿಗೆ,

ಪುಸ್ತಕ, ರೂಪಾಯಿ ಎರಡೂ ಬಂದವು. ಡಬ್ಬಿಯ ಚೀಟಿಯಲ್ಲಿ ‘ಅಚ್ಚು 14’ ಎಂದಿದೆ. ಡಬ್ಬಿಗಳ ಮೇಲೆ ಹೆಸರು ಹಾಕುವ ಪದ್ಧತಿ ಸಂಸ್ಥೆಯಲ್ಲಿ ಇಲ್ಲವೆಂದು ಬರೆದಿದ್ದೀರಿ, ಪರವಾಗಿಲ್ಲ. ಪುಸ್ತಕದಲ್ಲಿ ‘ಗಂಗಾಮಣಿ ಅಚ್ಚು’ ಎಂದು ನೋಡಿದೆ. ಊರಿನ ಹೆಸರೂ ಸರಿಯಾಗಿದೆ.

ಹೋದ ಭಾನುವಾರ ಪುಸ್ತಕ ತೆಗೆದುಕೊಂಡು ಹುಲಿಯಮ್ಮನ ಮನೆಗೆ ಹೋದೆ. ಅವಳಿಗೆ ಓದು ಬರುವುದಿಲ್ಲ, ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದೆ. “ನಡಿಯೇ, ಆ ಮೇಸ್ತ್ರಿ ಮುಖಕ್ಕೆ ಹಿಡಿಯಾನ” ಎಂದು ಎದ್ದೇಬಿಟ್ಟಳು. ಮೇಸ್ತ್ರಿ ಸತ್ತು ಐದು ವರ್ಷವಾಯಿತು, ಕ್ಯೂರಿಂಗಿನಲ್ಲೂ ಬೀಜ ಆಯಲು ಈಗ ಮಿಷನ್ ಬಂದಿದೆ ಎಂದೆ. ಅವಳು ಮತ್ತೆ ಕೂತಳು. ಇಬ್ಬರೂ ಕಾಫಿ ಕುಡಿದೆವು.

ರಾಫೆಲಣ್ಣನ ಬಲಗಣ್ಣು ಸುಮಾರಾಗಿ ಬಂದಿದೆ. ದೊಡ್ಡ ಅಕ್ಷರ ಓದುತ್ತಾರೆ. 22ನೇ ಪುಟ ಅವರೇ ಓದಿದರು, ಬೆಳಕಿಗೆ ಹಿಡಿದು, ನಿಧಾನವಾಗಿ, ಗಟ್ಟಿಯಾಗಿ. ಓದಿ ಮುಗಿಸಿ ನನ್ನ ಕಡೆ ನೋಡಿದರು. ನಾನು ಸೊಪ್ಪು ಕಟ್ಟುತ್ತಿದ್ದೆ. ಅಂಗಡಿಯನ್ನು ಈ ತಿಂಗಳ ಕೊನೆಗೆ ಬಿಟ್ಟುಕೊಡುತ್ತಾರೆ. ನೀವು ಜನವರಿಯಲ್ಲಿ ಆಲೂರಿಗೆ ಬಂದರೆ ಒಂದು ಸಲ ಬಂದು ಹೋಗಬೇಕೆಂದು ಹೇಳಿದ್ದಾರೆ. ಸುಸಾನಕ್ಕ ಅಷ್ಟು ಹೊತ್ತಿಗೆ ಬಂದಿರುತ್ತಾರೆ.

ಕ್ಷಮಿಸಿದ್ದೀಯಾ ಎಂದು ಅವರು ಮತ್ತೆ ಕೇಳಿಲ್ಲ. ನಾನೂ ಹೇಳಿಲ್ಲ. ಕ್ಷಮಿಸಿದ್ದೇನೋ ಇಲ್ಲವೋ ನನಗೇ ಇನ್ನೂ ಗೊತ್ತಿಲ್ಲ. ಕಣ್ಣಿಗೆ ಔಷಧಿ ಮಾತ್ರ ದಿನಕ್ಕೆ ನಾಲ್ಕು ಸಲ ನಾನೇ ಹಾಕುತ್ತೇನೆ. ಒಂದು ಹನಿಯೂ ಹೊರಗೆ ಬೀಳುವುದಿಲ್ಲ.

ಇಂತಿ,
ಗಂಗಾಮಣಿ
ಕೆ. ಹೊಸಕೋಟೆ